ಹಸುರು ವಾಯುವಿನ ಷೀಲೆ

ಮನೆಯಂಗಳದ ಈಜುಕೊಳವಾಗಲಿ, ನಗರದ ಸಾರ್ವಜನಿಕ ಕೊಳವಾಗಲಿ, ಅದರ ಅಂಚಿನಲ್ಲಿ ನಿಂತವರಿಗೆ ನೀರಿನ ತಂಪಿಗಿಂತ ಮುಂಚೆ ಒಂದು ಘಾಟು ವಾಸನೆ ತಾಕುವುದುಂಟು. ಕ್ಲೋರಿನ್ನಿನ ವಾಸನೆಯೆಂದು ನಾವು ಅದನ್ನು ಕರೆಯುತ್ತೇವೆ. ಆ ಮಾತು ಅಷ್ಟು ಸರಿಯಲ್ಲ. ಕಾರಣ ಮುಂದೆ ಬರುತ್ತದೆ. ಈ ಕ್ಲೋರಿನ್ನಿನ ಮೂಲವನ್ನು ಅರಸುತ್ತ ಹೊರಟರೆ ನಾವು ಹೋಗಿ ಮುಟ್ಟುವುದು ಸ್ವೀಡನ್ ದೇಶದ ಒಬ್ಬ ಔಷಧಗಾರನನ್ನು.

ಕಾರ್ಲ್ ವಿಲ್ಹೆಲ್ಮ್ ಷೀಲೆ ಹುಟ್ಟಿದುದು 1742ರ ಡಿಸೆಂಬರ್ 9ರಂದು, ಬಾಲ್ಟಿಕ್ ತೀರದ ಸ್ಟ್ರಾಲ್‌ಸುಂಡ್ ಪಟ್ಟಣದಲ್ಲಿ. ಈಗ ಜರ್ಮನಿಗೆ ಸೇರಿರುವ ಆ ಊರು ಅಂದು ಸ್ವೀಡನ್ನಿನ ಆಳ್ವಿಕೆಯಲ್ಲಿತ್ತು. ಹನ್ನೊಂದು ಮಕ್ಕಳ ಸಂಸಾರ, ಇವನು ಏಳನೆಯವನು. ಹದಿನಾಲ್ಕರ ಪ್ರಾಯದಲ್ಲೇ ಗೋಥೆನ್‌ಬರ್ಗಿನ ಔಷಧಶಾಲೆಯೊಂದಕ್ಕೆ ಕೆಲಸ ಕಲಿಯಲು ಸೇರಿದ. ಹಗಲೆಲ್ಲ ಅರೆಯುವುದು, ಕುದಿಸುವುದು, ಸೋಸುವುದು. ರಾತ್ರಿಯಾದರೆ ಯಜಮಾನನ ಪುಸ್ತಕಗಳು ಮತ್ತು ಕಪಾಟಿನ ಸೀಸೆಗಳು. ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ವಿದ್ಯಾರ್ಥಿಯಾಗಿ ಅವನು ಹತ್ತಲಿಲ್ಲ. ಮುಂದೆ ಮಾಲ್ಮೋ, ಸ್ಟಾಕ್‌ಹೋಂ, ಉಪ್ಸಾಲಾಗಳಲ್ಲಿ ದುಡಿದನಾದರೂ ಎಲ್ಲೆಡೆಯೂ ಪರರ ಅಂಗಡಿ, ಪರರ ಒಲೆ.

ಕಪ್ಪು ಮ್ಯಾಂಗನೀಸ್ ಅದಿರಿನ ಗುಣಗಳನ್ನು ಪರೀಕ್ಷಿಸುತ್ತಿದ್ದ ಷೀಲೆ ಅದಕ್ಕೆ ಉಪ್ಪಿನ ಆಮ್ಲವನ್ನು ಸೇರಿಸಿ ಬಿಸಿಮಾಡಿದ. ಹಳದಿ ಬೆರೆತ ಹಸುರು ಬಣ್ಣದ, ಉಸಿರು ಕಟ್ಟಿಸುವ ವಾಯುವೊಂದು ಎದ್ದಿತು. ಅದರ ವಿವರವನ್ನು ಅವನು ಪ್ರಕಟಿಸಿದುದು 1774ರಲ್ಲಿ. ಬೇರೆಯವನಾಗಿದ್ದರೆ ಕಿಟಕಿ ತೆರೆದು ಓಡುತ್ತಿದ್ದನೇನೋ! ಷೀಲೆ ಅದರೊಳಗೆ ಹೂವುಗಳನ್ನಿಟ್ಟು ನೋಡಿದ, ಬಣ್ಣ ಅಳಿಯಿತು. ಹಸುರೆಲೆಗಳೂ ಬಿಳಿಚಿದುವು. ಆಮ್ಲವಾಗಲಿ ಕ್ಷಾರವಾಗಲಿ ಹೋದ ಬಣ್ಣವನ್ನು ಮರಳಿ ತರಲಿಲ್ಲ. ಉರಿ ನಂದಿತು, ಕೀಟಗಳು ಸತ್ತುವು. ಇಷ್ಟನ್ನು ಕಂಡರೂ ಅದೊಂದು ಮೂಲವಸ್ತುವೆಂದು ಅವನಿಗೆ ಹೊಳೆಯಲಿಲ್ಲ. ಆ ಕಾಲದ ಫ್ಲೊಜಿಸ್ಟನ್ ವಾದ ಅವನ ಕಣ್ಣಿಗೂ ಕವಿದಿತ್ತು. ಮೂಲವಸ್ತುವೆಂದು ಸಾರಿ ಕ್ಲೋರಿನ್ ಎಂಬ ಹೆಸರಿಟ್ಟವನು ಹಂಫ್ರಿ ಡೇವಿ, 1810ರಲ್ಲಿ. ಆಮ್ಲಜನಕದ ವಿಷಯದಲ್ಲಿಯೂ ಹೀಗೆಯೇ ಆಯಿತು. ಪ್ರೀಸ್ಟ್ಲಿಗಿಂತ ಮೊದಲೇ ಅದನ್ನು ಕಂಡಿದ್ದರೂ ಷೀಲೆಯ ಗ್ರಂಥ ಅಚ್ಚಾಗಿ ಹೊರಬಂದುದು 1777ರಲ್ಲಿ. ಅಷ್ಟರಲ್ಲಿ ಕೀರ್ತಿ ಕೈಬಿಟ್ಟಿತ್ತು.

1775ರಲ್ಲಿ, ಇನ್ನೂ ಔಷಧ ವಿದ್ಯಾರ್ಥಿಯೆಂದೇ ಲೆಕ್ಕವಾಗಿದ್ದ ಅವನನ್ನು ಸ್ವೀಡನ್ನಿನ ರಾಜವಿಜ್ಞಾನ ಅಕಾಡೆಮಿ ಸದಸ್ಯನನ್ನಾಗಿ ಆರಿಸಿತು. ಅದೇ ವರ್ಷ ಅವನು ಕೋಪಿಂಗ್ ಎಂಬ ಸಣ್ಣ ಊರಿಗೆ ಹೋಗಿ, ಒಡೆಯ ತೀರಿಕೊಂಡಿದ್ದ ಔಷಧಶಾಲೆಯ ಹೊಣೆ ಹೊತ್ತ. ಮತ್ತೆ ಆ ಊರನ್ನು ಬಿಡಲಿಲ್ಲ. ಮೂತ್ರಾಶಯದ ಕಲ್ಲುಗಳಿಂದ 1776ರಲ್ಲಿ ಯೂರಿಕ್ ಆಮ್ಲವನ್ನು ಬೇರ್ಪಡಿಸಿದ. ಕೆಲವು ವರ್ಷಗಳ ಬಳಿಕ ಪ್ರಷ್ಯನ್ ನೀಲಿಯಿಂದ ಘೋರ ವಿಷವಾದ ಪ್ರಸಿಕ್ ಆಮ್ಲವನ್ನು ಪಡೆದ. ಕಂಡ ವಸ್ತುವಿನ ರುಚಿ ನೋಡುವ ಅಭ್ಯಾಸವೂ ಅವನಿಗಿತ್ತೆಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಅವನ ಹಸುರು ವಾಯು ಮೊದಲು ಬಟ್ಟೆ ಬಿಳುಪು ಮಾಡುವವರ ಕೈಸೇರಿತು. ವಿಷಮಶೀತಜ್ವರ ಹಬ್ಬಿದ್ದ ಇಂಗ್ಲೆಂಡಿನ ಮೇಡ್‌ಸ್ಟನ್ನಿನಲ್ಲಿ 1897ರಲ್ಲಿ ಅದರ ಪುಡಿ ನೀರನ್ನು ಶುದ್ಧಿಗೊಳಿಸಿತು. 1915ರ ಏಪ್ರಿಲ್‌ನಲ್ಲಿ ಈಪ್ರ ರಣರಂಗದಲ್ಲಿ ಅದೇ ವಾಯು ಸಾವಿರಾರು ಸೈನಿಕರ ಪುಪ್ಪುಸಗಳನ್ನು ಸುಟ್ಟಿತು.

ಮನೆಯ ಕೊಳಕ್ಕೆ ನಾವು ಹಾಕುವುದು ಆ ವಾಯುವನ್ನಲ್ಲ, ಅದರ ಸಂಯುಕ್ತಗಳ ಪುಡಿ, ಗುಳಿಗೆ ಇಲ್ಲವೆ ದ್ರಾವಣವನ್ನು. ಅವು ನೀರಿನಲ್ಲಿ ಹೈಪೊಕ್ಲೋರಸ್ ಆಮ್ಲವಾಗುತ್ತವೆ. ಕ್ರಿಮಿಗಳನ್ನು ಕೊಲ್ಲುವುದು ಮುಖ್ಯವಾಗಿ ಅದು. ಆಮ್ಲ-ಕ್ಷಾರಗಳ ಅಳತೆಯಾದ ಪಿ.ಎಚ್. ಸಂಖ್ಯೆ 7.2ರಿಂದ 7.8ರ ನಡುವೆ ಇರಬೇಕು. 7.5ರ ಬಳಿ ಕ್ಲೋರಿನ್ನಿನ ಸುಮಾರು ಅರ್ಧಪಾಲು ಈ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಕಾಲುಪಾಲಿಗೆ ಇಳಿಯುತ್ತದೆ. ಪುಡಿ ಸುರಿದೂ ನೀರು ಪಾಚಿಗಟ್ಟಿತೆಂದು ಗೊಣಗುವವರು ಮೊದಲು ಈ ಸಂಖ್ಯೆಯನ್ನು ನೋಡಬೇಕು. ಅದು ತೀರ ಇಳಿದರೆ ಕಣ್ಣು ಉರಿಯುತ್ತದೆ, ಲೋಹದ ಕೊಳವೆಗಳು ಸವೆಯುತ್ತವೆ. ಬಿಸಿಲೂ ಕ್ಲೋರಿನ್ನನ್ನು ಬೇಗ ಕಳೆಯುತ್ತದೆ. ಸಂಖ್ಯೆಯನ್ನು ಇಳಿಸುವ ಆಮ್ಲವನ್ನೂ ಕ್ಲೋರಿನ್ ಪುಡಿಯನ್ನೂ ಒಂದೇ ಬಕೀಟಿನಲ್ಲಿ ಕೂಡಿಸಿದವರ ಎದುರು, ಷೀಲೆಯ ಬುರುಡೆಯಲ್ಲಿ ಎದ್ದ ವಾಯುವೇ ಏಳುತ್ತದೆ. ಇಂಥ ಅಪಘಾತಗಳು ಈಗಲೂ ನಡೆಯುತ್ತಿವೆ.

ಇನ್ನು ಆ ಘಾಟು. ಈಜುವವರ ಬೆವರು ಮೂತ್ರಗಳೊಡನೆ ಕ್ಲೋರಿನ್ ಕೂಡಿ ಹುಟ್ಟುವ ಕ್ಲೋರಮೀನುಗಳ ವಾಸನೆ ಅದು; ಚೊಕ್ಕಟವಾದ ಕೊಳ ಅಷ್ಟಾಗಿ ನಾರುವುದಿಲ್ಲ. ಅವುಗಳೊಡನೆ, ಯೂರಿಕ್ ಆಮ್ಲಕ್ಕೆ ಕ್ಲೋರಿನ್ ತಾಕಿದಾಗ ಪ್ರಸಿಕ್ ಆಮ್ಲದ ಬಂಧುವಾದ ಸಯನೊಜೆನ್ ಕ್ಲೋರೈಡ್ ಕೂಡ ಅತಿ ಸ್ವಲ್ಪವಾಗಿ ಉಂಟಾಗುತ್ತದೆ. ಷೀಲೆ ಬೇರೆ ಬೇರೆ ಸೀಸೆಗಳಲ್ಲಿ ಕಂಡವು ಇಲ್ಲಿ ಒಂದೇ ನೀರಿನಲ್ಲಿ ಸಂಧಿಸುತ್ತವೆ. ನೀರಿಗಿಳಿಯುವ ಮುನ್ನ ಮೈ ತೊಳೆಯಬೇಕೆಂಬ ನಿಯಮಕ್ಕೆ ಇದೇ ಕಾರಣ.

ಷೀಲೆಯ ದೇಹ ಬೇಗನೆ ಸೋತಿತು. ಸಾಯುವುದಕ್ಕೆ ಕೆಲವೇ ದಿನ ಮುಂಚೆ, ಹಾಸಿಗೆ ಹಿಡಿದಿದ್ದಾಗಲೇ, ಅಂಗಡಿಯ ಹಿಂದಿನ ಒಡೆಯನ ವಿಧವೆಯನ್ನು ಮದುವೆಯಾದ. ಆಸ್ತಿ ತಕರಾರಿಲ್ಲದೆ ಆಕೆಗೆ ಸೇರಲೆಂಬುದು ಅವನ ಆಸೆ. 1786ರ ಮೇ 21ರಂದು ಕೋಪಿಂಗ್‌ನಲ್ಲಿ ತೀರಿಕೊಂಡಾಗ ಅವನಿಗೆ ನಲವತ್ತಮೂರು ವರ್ಷ.