ಸೀಸೆಯ ಮೇಲಿನ ಹೆಸರು: ಹಾರ್ವೆ ವೈಲಿ

ಅಭ್ಯಾಸ ಬೋಧನೆಗೆ ಮಲ್ಲಟದ ಶಾಲೆಗೆ ಹೋದಾಗ ಆಹಾರ ಕಲಬೆರಕೆಯ ಪಾಠಕ್ಕೆ ನಾನು ಆರಿಸಿಕೊಂಡದ್ದು ಹಾರ್ವೆ ವಾಷಿಂಗ್ಟನ್ ವೈಲಿಯವರ ಜೀವನ. ಇಲ್ಲಿಯ ಮಕ್ಕಳಿಗೆ ಅಮೆರಿಕದ ರಸಾಯನಶಾಸ್ತ್ರಜ್ಞ ಯಾಕೆ ಎಂದು ಮಾರ್ಗದರ್ಶಕ ಶಿಕ್ಷಕರು ಕೇಳಿದರು. ಕಿರಾಣಿ ಅಂಗಡಿಯಿಂದ ತಂದಿದ್ದ ಇಂಗಿನ ಡಬ್ಬಿಯನ್ನು ಅವರ ಮುಂದಿಟ್ಟೆ. ಕಂಪೌಂಡೆಡ್ ಎಂಬ ಪದ, ಅಂಟು, ಹಿಟ್ಟು ಎಲ್ಲವೂ ಅದರ ಮೇಲೆ ಸಣ್ಣಕ್ಷರದಲ್ಲಿದ್ದವು. ಅವರು ಸಹಿ ಹಾಕಿದರು.

ವೈಲಿ ಹುಟ್ಟಿದ್ದು 1844ರಲ್ಲಿ, ಇಂಡಿಯಾನಾದ ಒಂದು ರೈತ ಕುಟುಂಬದಲ್ಲಿ, ಮರದ ದಿಮ್ಮಿಗಳ ಮನೆಯಲ್ಲಿ. ವೈದ್ಯಕೀಯ ಓದಿದರೂ ವೈದ್ಯವೃತ್ತಿಗೆ ಹೋಗದೆ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಕಲಿಸಿದರು. 1878ರಲ್ಲಿ ಜರ್ಮನಿಗೆ ಹೋಗಿ, ಸಕ್ಕರೆಯ ದ್ರಾವಣದ ಮೂಲಕ ಬೆಳಕು ಹಾಯಿಸಿ ಪರೀಕ್ಷಿಸುವ ಪೋಲಾರಿಸ್ಕೋಪ್ ಉಪಕರಣವನ್ನು ಬಳಸಲು ಕಲಿತುಬಂದರು. ಊರಿಗೆ ಮರಳಿ ಪಾಕ, ಜೇನುಗಳನ್ನು ಪರೀಕ್ಷಿಸಿದಾಗ ಹಲವುದರಲ್ಲಿ ಅಗ್ಗದ ಗ್ಲೂಕೋಸ್ ಬೆರೆತಿತ್ತು. 1883ರಲ್ಲಿ ಕೃಷಿ ಇಲಾಖೆಯ ಮುಖ್ಯ ರಸಾಯನಶಾಸ್ತ್ರಜ್ಞರಾದರು.

1902ರಲ್ಲಿ ಹನ್ನೆರಡು ಜನ ತರುಣ ಸ್ವಯಂಸೇವಕರಿಗೆ ಬೋರಾಕ್ಸ್ ಮುಂತಾದ ಸಂರಕ್ಷಕಗಳನ್ನು ಊಟದ ಜೊತೆ ಕೊಟ್ಟು ಪರೀಕ್ಷಿಸಿದ್ದು ಅವರ ಹೆಸರನ್ನು ದೇಶದ ತುಂಬ ಹಬ್ಬಿಸಿತು. ಈ ಪ್ರಸಂಗ ಹೇಳಿದರೆ ತರಗತಿ ಕಿವಿಗೊಡುತ್ತದೆ, ನಿಜ. ಆದರೆ ಅದಕ್ಕೆ ಹತ್ತು ನಿಮಿಷ ಕೊಟ್ಟು ನಾನು ತಪ್ಪು ಮಾಡಿದೆ. ಮುಖ್ಯ ವಿಷಯ ಮುಂದಿತ್ತು.

1906ರ ಜೂನ್ 30ರಂದು ಅಧ್ಯಕ್ಷ ರೂಸ್‌ವೆಲ್ಟ್ ಶುದ್ಧ ಆಹಾರ ಮತ್ತು ಔಷಧ ಕಾಯಿದೆಗೆ ಸಹಿ ಹಾಕಿದರು. 1907ರ ಜನವರಿ 1ರಿಂದ ಅದು ಜಾರಿಗೆ ಬಂತು. ವೈಲಿಯವರ ಪ್ರಯೋಗಾಲಯಕ್ಕೆ ಬಂದ ಮಾದರಿಗಳಲ್ಲಿ ವೆನಿಲಾ, ನಿಂಬೆ ಸಾರದ ಸೀಸೆಗಳೂ ಇದ್ದವು. ವೆನಿಲಾ ಕಾಯಿ ದುಬಾರಿ. ಆದ್ದರಿಂದ ಕೆಲವರು ಟೊಂಕಾ ಬೀಜದಲ್ಲಿರುವ ಕೌಮರಿನ್, ಕೃತಕ ವೆನಿಲಿನ್ ಬೆರೆಸಿ, ಸುಟ್ಟ ಸಕ್ಕರೆಯಿಂದ ಕಂದು ಬಣ್ಣ ಕೊಟ್ಟು, ಅಸಲಿ ವೆನಿಲಾ ಸಾರ ಎಂದು ಚೀಟಿ ಅಂಟಿಸುತ್ತಿದ್ದರು. ನಿಂಬೆ ಸಾರದಲ್ಲಿ ಶೇಕಡಾ 5ರಷ್ಟಾದರೂ ನಿಂಬೆ ಎಣ್ಣೆ ಇರಬೇಕೆಂಬುದು ಸರಕಾರದ ಮಾನದಂಡ. ಎಷ್ಟೋ ಸೀಸೆಗಳಲ್ಲಿ ಇದ್ದದ್ದು ನೀರು ಬೆರೆತ ಮದ್ಯಸಾರ ಮತ್ತು ಹಳದಿ ಬಣ್ಣ.

ತನಿಖಾಧಿಕಾರಿ ಮಾದರಿ ತಂದು ಮೊಹರು ಹಾಕುವುದು, ರಸಾಯನಶಾಸ್ತ್ರಜ್ಞ ಪರೀಕ್ಷಿಸುವುದು, ತಯಾರಕನಿಗೆ ಹೇಳಿಕೊಳ್ಳಲು ಅವಕಾಶ ಕೊಡುವುದು, ಆಮೇಲೆ ಕೋರ್ಟು. ರಾಜ್ಯದಿಂದ ರಾಜ್ಯಕ್ಕೆ ಸಾಗಿಸಿದ ಮೊದಲ ತಪ್ಪಿಗೆ ದಂಡ ಹೆಚ್ಚೆಂದರೆ 200 ಡಾಲರ್. ಆದರೆ ತೀರ್ಪನ್ನು ಅಚ್ಚು ಹಾಕಿಸಿ ಪ್ರಕಟಿಸಬೇಕೆಂದು ಕಾಯಿದೆಯೇ ಹೇಳಿತ್ತು. ವ್ಯಾಪಾರಿಗೆ ದಂಡಕ್ಕಿಂತ ಹೆಸರು ಕೆಡುವುದೇ ಹೆಚ್ಚು ನೋವಿನದು.

ಪಾಠಯೋಜನೆಯಲ್ಲಿ ನಾನು, ವೈಲಿ ಜನರನ್ನು ವಿಷದಿಂದ ಕಾಪಾಡಿದರು ಎಂದು ಬರೆದಿದ್ದೆ. ಒಬ್ಬ ಹುಡುಗ ಎದ್ದು, ವೆನಿಲಾ ಸೀಸೆಯಲ್ಲಿದ್ದದ್ದು ವಿಷವೇನ್ರೀ ಸರ್ ಎಂದ. ನಕಲಿ ಸಾರ ಮಾರುವುದನ್ನು ಕಾಯಿದೆ ನಿಷೇಧಿಸಿರಲಿಲ್ಲ. ಅಪಾಯದ ವಸ್ತು ಅದರಲ್ಲಿಲ್ಲದಿದ್ದರೆ, ನಕಲಿ ಎಂದು ಸ್ಪಷ್ಟವಾಗಿ ಬರೆದು ಮಾರಬಹುದಿತ್ತು. ಅಲ್ಲಿ ತಪ್ಪು ಸುಳ್ಳು ಹೆಸರಿನದು. ಕರಿಹಲಗೆಯ ಮೇಲಿನ ನನ್ನ ವಾಕ್ಯವನ್ನು ನಾನೇ ಒರೆಸಿದೆ.

ವೈಲಿ ಎಲ್ಲೆಡೆ ಗೆಲ್ಲಲಿಲ್ಲ. ಸ್ಯಾಕರಿನ್ ವಿಷಯದಲ್ಲಿ ಅಧ್ಯಕ್ಷರ ಮುಂದೆ ದುಡುಕಿ ಮಾತಾಡಿ ಅವರ ವಿಶ್ವಾಸ ಕಳೆದುಕೊಂಡರು. ರೂಸ್‌ವೆಲ್ಟ್ ಸ್ವತಃ ಅದನ್ನು ದಿನವೂ ಬಳಸುತ್ತಿದ್ದರು! ಕೋಕಾ-ಕೋಲಾ ಮೇಲಿನ ಮೊಕದ್ದಮೆ 1911ರಲ್ಲಿ ಕೆಳಗಿನ ಕೋರ್ಟಿನಲ್ಲಿ ಬಿದ್ದುಹೋಯಿತು. ನನಗನಿಸುವಂತೆ ಅವರಿಗೆ ಹಟ ಹೆಚ್ಚು, ತಾಳ್ಮೆ ಕಡಿಮೆ. ಮಕ್ಕಳಿಂದ ಇದನ್ನು ಮುಚ್ಚಿಡಲಿಲ್ಲ. 1912ರಲ್ಲಿ ರಾಜೀನಾಮೆ ಕೊಟ್ಟು, ಗುಡ್ ಹೌಸ್‌ಕೀಪಿಂಗ್ ಪತ್ರಿಕೆಯ ಪ್ರಯೋಗಾಲಯ ಸೇರಿದರು. ತೀರಿಕೊಂಡದ್ದು 1930ರ ಜೂನ್ 30, ಕಾಯಿದೆಗೆ ಸಹಿಯಾದ ತಾರೀಖಿನಂದೇ.

ನಮ್ಮಲ್ಲಿ ಆಹಾರ ಕಲಬೆರಕೆ ತಡೆ ಕಾಯಿದೆ ಬಂದದ್ದು 1954ರಲ್ಲಿ ಎಂದು ಹೇಳಿ ಡಬ್ಬಿಯನ್ನು ತರಗತಿಯಲ್ಲಿ ಸುತ್ತಿಸಿದೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು, ಸಂತೆಯಲ್ಲಿ ಕಾಗದದ ಪೊಟ್ಟಣ ಕಟ್ಟಿಕೊಡುವ ಇಂಗಿಗೆ ಚೀಟಿಯೇ ಇರುವುದಿಲ್ಲವಲ್ಲ, ಅದನ್ನು ಯಾರು ನೋಡುತ್ತಾರೆ ಎಂದು ಕೇಳಿದಳು. ಗಂಟೆ ಬಾರಿಸಿತು. ಮರುದಿನದ ಪಾಠಯೋಜನೆಯ ಪೀಠಿಕೆಯಲ್ಲಿ ಆ ಪ್ರಶ್ನೆಯನ್ನೇ ಬರೆದುಕೊಂಡೆ.