ಕಪಿಲೆಯ ದಡದಿಂದ ಹೊರಟ ಹುಡುಗ

ನಂಜನಗೂಡಿನ ಸ್ನಾನಘಟ್ಟದಲ್ಲಿ ಕುಳಿತಾಗಲೆಲ್ಲ ನನ್ನ ಮನಸ್ಸು ಹೊಳೆಯೊಡನೆ ಮುಂದಕ್ಕೆ ಹರಿಯುತ್ತದೆ. ಶ್ರೀಕಂಠೇಶ್ವರನ ಸನ್ನಿಧಿಯನ್ನು ದಾಟಿ ಒಂಟಿಯಾಗಿ ಸಾಗುವ ಕಪಿಲೆ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಅಲ್ಲಿ ಕಣ್ಣಿಗೆ ಕಾಣುವ ಹೊಳೆಗಳು ಎರಡೇ. ಕಾಣದ ಸ್ಫಟಿಕ ಸರೋವರವೊಂದು ಸೇರಿ ತ್ರಿವೇಣಿಯಾಯಿತೆಂಬುದು ಜನರ ನಂಬಿಕೆ. ಇದೇ ನಂಜನಗೂಡಿನಲ್ಲಿ ಜನಿಸಿದ ಜಿ. ವಿ. ಅಯ್ಯರ್ ಅವರ ಬಾಳನ್ನು ನೆನೆದಾಗ ಆ ಕೂಡಲೇ ನನ್ನ ಕಣ್ಣಮುಂದೆ ನಿಲ್ಲುತ್ತದೆ. ನಟನೆಯದೊಂದು ಹೊಳೆ, ಬರವಣಿಗೆಯದೊಂದು ಹೊಳೆ.

ನಾನು ಬಹುಕಾಲ ಉಪಾಧ್ಯಾಯನಾಗಿದ್ದವನು. ನಾಟಕದ ಹುಚ್ಚು ಹಿಡಿದ ಹುಡುಗರನ್ನು ಪುಸ್ತಕದ ಕಡೆಗೆ ಎಳೆದು ತರುವುದೇ ನನ್ನ ಕರ್ತವ್ಯವೆಂದು ನಂಬಿದ್ದೆ. ಒಮ್ಮೆ, ಚೆನ್ನಾಗಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಯೊಬ್ಬನನ್ನು ಶಾಲಾ ನಾಟಕದಿಂದ ಬಿಡಿಸಿದೆ. ಬರವಣಿಗೆ ಇನ್ನಷ್ಟು ಹದಗೊಳ್ಳಲೆಂಬುದು ನನ್ನ ಆಶಯ. ಆದರೆ ಅಂದಿನಿಂದ ಅವನ ವಾಕ್ಯಗಳಲ್ಲಿದ್ದ ಉಸಿರು ಹೋಯಿತು. ನಾನು ಮಾಡಿದ ತಪ್ಪೇನೆಂಬುದು ಅಯ್ಯರ್ ಅವರ ಜೀವನವನ್ನು ಅರಿತ ಮೇಲೆ ನನಗೆ ತಿಳಿಯಿತು.

ಅಯ್ಯರ್ ಅವರು ಹುಟ್ಟಿದ್ದು 1917ರ ಸೆಪ್ಟೆಂಬರ್ 3ರಂದು. ಎಂಟು ವರ್ಷದ ಬಾಲಕನಾಗಿದ್ದಾಗಲೇ ಅವರು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯನ್ನು ಸೇರಿದರು. 1884ರಲ್ಲಿ ಸ್ಥಾಪನೆಯಾಗಿದ್ದ ಆ ಕಂಪನಿ ಊರಿಂದೂರಿಗೆ ಮೊಕ್ಕಾಂ ಮಾಡುತ್ತಿದ್ದ ಒಂದು ಗುರುಕುಲವೇ ಸರಿ. ಕಂಪನಿಯ ಹುಡುಗರಿಗೆ ಓದಿಗಿಂತ ಮೊದಲು ಕೇಳ್ಮೆ. ಮಾತೂ ಹಾಡೂ ಹಿರಿಯರ ಬಾಯಿಂದ ಕಿವಿಗಿಳಿದು, ಕಿವಿಯಿಂದ ನಾಲಗೆಗೆ ಬರಬೇಕು. ಕೊನೆಯ ಸಾಲಿನಲ್ಲಿ ಕುಳಿತವನಿಗೆ ಕೇಳದ ಮಾತು ಎಷ್ಟೇ ಪಂಡಿತರದಾದರೂ ವ್ಯರ್ಥವೆಂಬ ಪಾಠ ಅಲ್ಲಿ ದಿನರಾತ್ರಿಯೂ ನಡೆಯುತ್ತಿತ್ತು. ಸಾಹಿತಿಯಾಗುವವನಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆ ಬೇರೊಂದುಂಟೆ?

1943ರಲ್ಲಿ ಅಯ್ಯರ್ ಅವರು ರಾಧಾರಮಣ ಚಿತ್ರದಲ್ಲಿ ನಟರಾಗಿ ಬೆಳ್ಳಿತೆರೆಗೆ ಬಂದರು. 1954ರ ಬೇಡರ ಕಣ್ಣಪ್ಪ ಚಿತ್ರಕ್ಕೆ ಬರೆದವರೂ ಅವರೇ. ರಾಜಕುಮಾರ್ ಅವರು ನಾಯಕನಟರಾಗಿ ನಾಡಿಗೆ ಪರಿಚಿತರಾದದ್ದು ಆ ಚಿತ್ರದಿಂದ. ಚಿತ್ರರಂಗದಲ್ಲಿ ಕೆಲಸ ಕುಂದಿದ ದಿನಗಳಲ್ಲಿ ರಾಜಕುಮಾರ್, ಬಾಲಕೃಷ್ಣ, ನರಸಿಂಹರಾಜು ಮತ್ತು ಅಯ್ಯರ್ ಒಂದುಗೂಡಿದರು, ಊರೂರುಗಳಲ್ಲಿ ನಾಟಕವಾಡಿದರು, ಬಳಿಕ 1960ರಲ್ಲಿ ರಣಧೀರ ಕಂಠೀರವವನ್ನು ತೆರೆಗೆ ತಂದರು. ಅದರ ಬರವಣಿಗೆಯೂ ಅಯ್ಯರ್ ಅವರದೇ. ಬಣ್ಣ ಹಚ್ಚಿದ ಕೈಯೇ ಲೇಖನಿಯನ್ನೂ ಹಿಡಿದಿತ್ತು.

ಇಷ್ಟಕ್ಕೇ ನಿಂತಿದ್ದರೆ ಅವರು ಜನಪ್ರಿಯ ಕಲಾವಿದರಲ್ಲೊಬ್ಬರೆನಿಸುತ್ತಿದ್ದರು, ಅಷ್ಟೆ. ಐವತ್ತರ ಅಂಚಿಗೆ ಬಂದು ನಿಂತ ಮೇಲೂ ಅವರು ಮತ್ತೆ ವಿದ್ಯಾರ್ಥಿಯಾದರು. 1971ರಲ್ಲಿ ತೆರೆಕಂಡ ವಂಶವೃಕ್ಷದ ನಿರ್ಮಾಪಕರಾಗಿ, ನಿರ್ದೇಶನವನ್ನು ತಮಗಿಂತ ಕಿರಿಯರಾದ ಬಿ. ವಿ. ಕಾರಂತ ಮತ್ತು ಗಿರೀಶ ಕಾರ್ನಾಡರಿಗೆ ಒಪ್ಪಿಸಿದರು. ತ. ರಾ. ಸು. ಅವರ ಕಾದಂಬರಿಯನ್ನಾಧರಿಸಿ 1975ರಲ್ಲಿ ಹಂಸಗೀತೆಯನ್ನು ನಿರ್ದೇಶಿಸಿದರು. 1983ರ ಆದಿ ಶಂಕರಾಚಾರ್ಯ ಸಂಸ್ಕೃತದ ಮೊದಲ ಚಲನಚಿತ್ರ. ಅದಕ್ಕೆ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಮನ್ನಣೆ ದೊರೆತುದಲ್ಲದೆ, ಚಿತ್ರಕಥೆಗಾಗಿ ಅಯ್ಯರ್ ಅವರಿಗೂ ರಾಷ್ಟ್ರಪ್ರಶಸ್ತಿ ಸಂದಿತು. ಆ ಚಿತ್ರದಲ್ಲಿ ಮೃತ್ಯುವೂ ಪ್ರಜ್ಞಾನವೂ ಮನುಷ್ಯರೂಪ ತಳೆದು ಶಂಕರರ ಒಡನಾಡಿಗಳಾಗಿ ನಡೆಯುತ್ತವೆ. ತತ್ತ್ವಕ್ಕೆ ಮೈಕೈ ಕೊಟ್ಟು ಜನರೆದುರಿಗೆ ನಿಲ್ಲಿಸುವ ಈ ಧೈರ್ಯ ಗ್ರಂಥಾಲಯದಲ್ಲಿ ಹುಟ್ಟಿದ್ದಲ್ಲ, ರಂಗದ ಮೇಲೆ ಬೆಳೆದದ್ದು ಎಂದೇ ನನ್ನ ಭಾವನೆ.

1948ರಲ್ಲಿ ಗಾಂಧೀಜಿಯವರು ಹತರಾದ ಬಳಿಕ ಅಯ್ಯರ್ ಅವರು ಪಾದರಕ್ಷೆಯನ್ನೇ ತೊರೆದರು. ಬರಿಗಾಲ ನಿರ್ದೇಶಕರೆಂಬ ಹೆಸರು ಅವರಿಗೆ ಬಂದುದು ಹೀಗೆ. ಆ ಕೂಡಲಿನ ಕಾಣದ ಮೂರನೆಯ ಹೊಳೆ ಇದೇ ಇರಬೇಕು: ಒಮ್ಮೆ ನಂಬಿದ್ದನ್ನು ಕೊನೆಯವರೆಗೂ ನಡೆಸುವ ನಿಷ್ಠೆ. 2003ರ ಡಿಸೆಂಬರ್ 21ರಂದು ಅವರು ತೀರಿಕೊಂಡರು.

ನನ್ನ ಆ ವಿದ್ಯಾರ್ಥಿ ಈಗ ಎಲ್ಲಿರುವನೋ ಕಾಣೆ. ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದೇ ಬಿನ್ನಹ. ಒಂದೇ ಹುಡುಗನಲ್ಲಿ ಎರಡು ಹೊಳೆಗಳು ಹರಿಯುತ್ತಿದ್ದರೆ ಒಂದಕ್ಕೆ ಕಟ್ಟೆ ಹಾಕಲು ಅವಸರಪಡಬೇಡಿ. ಅವು ಕೂಡುವ ಊರು ಇನ್ನೂ ಮುಂದಿದೆ.