ಬಡವನ ಮಾತಿಗೆ ಬೆಲೆ ತಂದ ರೈಫೈಸನ್

ಉಪಾಧ್ಯಾಯರ ಪತ್ತಿನ ಸಹಕಾರ ಸಂಘದಲ್ಲಿ ಮಗಳ ಮದುವೆಗೆಂದೋ ಮನೆ ಕಟ್ಟುವುದಕ್ಕೆಂದೋ ಸಾಲ ಬೇಡುವವರು ಮೊದಲು ಮಾಡುವ ಕೆಲಸವೆಂದರೆ ಜಾಮೀನಿಗೆ ರುಜು ಹಾಕುವ ಸಹೋದ್ಯೋಗಿಗಳನ್ನು ಹುಡುಕುವುದು. ಒಡವೆಯನ್ನಾಗಲಿ ಹೊಲವನ್ನಾಗಲಿ ಅಡವಿಡದೆ, ಬಲ್ಲವರ ನಂಬಿಕೆಯನ್ನೇ ಆಧಾರವಾಗಿಟ್ಟು ಹಣ ಪಡೆಯುವ ಈ ಪದ್ಧತಿ ಎಷ್ಟು ಬಳಕೆಯಾಗಿದೆಯೆಂದರೆ ಅದರ ಹುಟ್ಟನ್ನು ಯಾರೂ ವಿಚಾರಿಸಲು ಹೋಗುವುದಿಲ್ಲ. ಅದರ ಮುಖ್ಯವಾದ ಬೇರೊಂದು ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ, ರೈನ್ ನದಿಯ ಬಲದಂಡೆಯ ವೆಸ್ಟರ್‌ವಾಲ್ಡ್ ಎಂಬ ಬೆಟ್ಟಸೀಮೆಯಲ್ಲಿದೆ. ಅದನ್ನು ನೆಟ್ಟು ನೀರೆರೆದವರು ಫ್ರೀಡ್ರಿಕ್ ವಿಲ್‌ಹೆಲ್ಮ್ ರೈಫೈಸನ್ನರು.

ಇವರು 1818ನೆಯ ಇಸವಿಯ ಮಾರ್ಚಿ 30ರಂದು ಸೀಗ್ ನದೀತೀರದ ಹಾಮ್ ಎಂಬ ಗ್ರಾಮದಲ್ಲಿ ಒಂಬತ್ತು ಮಂದಿ ಮಕ್ಕಳಲ್ಲಿ ಏಳನೆಯವರಾಗಿ ಜನಿಸಿದರು. ತಂದೆ ಕೆಲಕಾಲ ಆ ಊರಿನ ಆಡಳಿತಾಧಿಕಾರಿಯಾಗಿದ್ದವರು. ಮಗನಿಗೆ ತಿಳಿವಳಿಕೆ ಬರುವ ಮುನ್ನವೇ ಕಾಯಿಲೆ ಬಿದ್ದು ಪದವಿಯನ್ನು ಕಳೆದುಕೊಂಡರು. ಸಂಸಾರದ ಭಾರವೆಲ್ಲ ತಾಯಿ ಅಮಾಲಿಯ ಹೆಗಲಿಗೆ ಬಂದಿತು. ಹಳ್ಳಿಯ ಶಾಲೆಯನ್ನು ದಾಟಿ ಓದಿಸುವ ಶಕ್ತಿ ಆ ಮನೆಗಿರಲಿಲ್ಲ. ಊರಿನ ಚರ್ಚಿನ ಪಾದ್ರಿ ಸೈಪೆಲ್ ಎಂಬವರು ಹುಡುಗನನ್ನು ಕರೆದು ಕೂರಿಸಿಕೊಂಡು ಪಾಠ ಹೇಳಿದರು. ಪ್ರೌಢಶಾಲೆಯ ಮೆಟ್ಟಿಲನ್ನೇ ಹತ್ತದ ವಿದ್ಯಾರ್ಥಿಯೊಬ್ಬನಿಗೆ ಒಬ್ಬ ಗುರು ಎಷ್ಟು ಕೊಡಬಲ್ಲನೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಹದಿನೇಳನೆಯ ವಯಸ್ಸಿನಲ್ಲಿ ರೈಫೈಸನ್ನರು ಪ್ರಷ್ಯಾದ ಫಿರಂಗಿದಳವನ್ನು ಸೇರಿದರು. ಅಲ್ಲಿ ಮೇಲೇರುವ ಲಕ್ಷಣಗಳು ಕಾಣುತ್ತಿದ್ದಾಗಲೇ ನೇತ್ರರೋಗ ಅಂಟಿಕೊಂಡಿತು. 1843ರಲ್ಲಿ ಸೈನ್ಯವನ್ನು ಬಿಟ್ಟು ಸಿವಿಲ್ ಆಡಳಿತಕ್ಕೆ ಬಂದರು. 1845ರಲ್ಲಿ ವೈಯರ್‌ಬುಷ್ ಎಂಬಲ್ಲಿಗೆ ಬರ್ಗರ್‌ಮೈಸ್ಟರ್ ಆಗಿ ನೇಮಕಗೊಂಡರು. ಇದು ಹಲವು ಹಳ್ಳಿಗಳ ಮೇಲಣ ಅಧಿಕಾರ. ನಮ್ಮ ಹಿಂದಿನ ಪಟೇಲಿಕೆಗೂ ಅಮಲ್ದಾರಿಕೆಗೂ ನಡುವಿನದೆಂದು ಭಾವಿಸಬಹುದು. ಅದೇ ವರ್ಷ ಎಮಿಲೀ ಸ್ಟೋರ್ಕ್ ಎಂಬಾಕೆಯೊಡನೆ ಅವರ ವಿವಾಹವೂ ಆಯಿತು.

ಮರುವರ್ಷ ಬರಗಾಲ ಬಂದಿತು. ಆಲೂಗೆಡ್ಡೆಗೆ ರೋಗ ತಗುಲಿತು, ಧಾನ್ಯದ ಬೆಳೆ ಕೈಕೊಟ್ಟಿತು. 1846-47ರ ಚಳಿಗಾಲದಲ್ಲಿ ಬೆಟ್ಟಸೀಮೆಯ ಬಡವರು ಹೊಟ್ಟೆಗಿಲ್ಲದೆ ಕಂಗಾಲಾದರು. ಸರಕಾರ ತನ್ನ ಕಣಜದಿಂದ ಹಿಟ್ಟನ್ನು ಕಳಿಸಿತಾದರೂ ನಗದು ಕೊಟ್ಟವರಿಗೆ ಮಾತ್ರ ಮಾರತಕ್ಕದ್ದೆಂಬ ಕಟ್ಟಪ್ಪಣೆ ಅದರ ಜೊತೆಗೇ ಬಂದಿತು. ಕೈಯಲ್ಲಿ ಕಾಸಿದ್ದವನಿಗೆ ಹಿಟ್ಟಿನ ಕೊರತೆ ಅಷ್ಟಾಗಿ ಇರಲಿಲ್ಲ; ಕೊರತೆಯಿದ್ದವನ ಕೈಯಲ್ಲಿ ಕಾಸಿರಲಿಲ್ಲ. ಇಪ್ಪತ್ತೆಂಟರ ಹರೆಯದ ಅಧಿಕಾರಿ ಅಪ್ಪಣೆಯನ್ನು ಬದಿಗಿಟ್ಟು ಹಿಟ್ಟನ್ನು ಕಡವಾಗಿ ಹಂಚಿಸಿದರು. ಊರಿನ ಅನುಕೂಲಸ್ಥರಿಂದ ಹಣ ಕೂಡಿಸಿ ರೊಟ್ಟಿಯ ಸಂಘವೊಂದನ್ನು ಕಟ್ಟಿದರು. ಊರೊಟ್ಟಿನ ಒಲೆಮನೆಯೊಂದು ಎದ್ದಿತು. ಅಲ್ಲಿ ಸುಟ್ಟ ರೊಟ್ಟಿ ಪೇಟೆಯ ಸುಮಾರು ಅರ್ಧ ಬೆಲೆಗೆ, ಅದೂ ಸುಗ್ಗಿಯ ಮೇಲೆ ತೀರಿಸುವ ಕಡದ ಮೇಲೆ ದೊರೆಯಿತು. ಬಿತ್ತನೆಯ ಗೆಡ್ಡೆಯೂ ಹೀಗೆಯೇ ಬಂದಿತು. ಅದೇ ಅವಧಿಯಲ್ಲಿ ಶಾಲೆಯೊಂದನ್ನು ಕಟ್ಟಿಸಿದ್ದನ್ನೂ, ಬೆಳೆದದ್ದು ರೈನ್ ತೀರದ ಪೇಟೆಯನ್ನು ಮುಟ್ಟಲೆಂದು ರಸ್ತೆಯ ಕೆಲಸ ಹಿಡಿದದ್ದನ್ನೂ ಇಲ್ಲಿಯೇ ಹೇಳಬೇಕು.

1848ರಲ್ಲಿ ಫ್ಲಾಮರ್ಸ್‌ಫೆಲ್ಡಿಗೆ ವರ್ಗವಾಯಿತು. ಅಲ್ಲಿ ಕಣ್ಣಿಗೆ ಬಿದ್ದದ್ದು ಹಸಿವಿಗಿಂತ ಆಳವಾದ ಬೇನೆ. ರೈತನ ಕೊಟ್ಟಿಗೆಯಲ್ಲಿ ಹಸು ಕಟ್ಟಿರುತ್ತಿತ್ತು, ಹಸು ಮಾತ್ರ ಅವನದಾಗಿರುತ್ತಿರಲಿಲ್ಲ. ದಳ್ಳಾಳಿ ಕಡವಾಗಿ ಬಿಟ್ಟುಹೋದ ದನಕ್ಕೆ ರೈತ ಮೇವು ಹಾಕಿ ಸಾಕಬೇಕು, ಕಂತು ತಪ್ಪಿದೊಡನೆ ದನ ದಳ್ಳಾಳಿಯ ಪಾಲು. ಬಡ್ಡಿ ಬೆಳೆದು ಹೊಲವೂ ಅದರ ಬೆನ್ನ ಹಿಂದೆ ಹೋಗುವುದು. ಪತ್ರ ಓದಲಾರದವನು ಅದರಲ್ಲೇನು ಬರೆದಿದೆಯೆಂದು ಕೇಳುವಂತಿಲ್ಲ. ಬ್ಯಾಂಕುಗಳು ಪಟ್ಟಣದಲ್ಲಿದ್ದವು, ಅವು ಇಂಥವನ ಮುಖವನ್ನೂ ನೋಡುತ್ತಿರಲಿಲ್ಲ. 1849ರಲ್ಲಿ ರೈಫೈಸನ್ನರು ಸುಮಾರು ಅರವತ್ತು ಮಂದಿ ಸ್ಥಿತಿವಂತರನ್ನು ಒಪ್ಪಿಸಿ, ನಿರ್ಗತಿಕ ಕೃಷಿಕರ ಸಹಾಯಕ್ಕೆಂದು ಸಂಘವೊಂದನ್ನು ಕೂಡಿಸಿದರು. ಆ ಅರವತ್ತು ಮಂದಿ ತಮ್ಮ ಸಮಸ್ತ ಆಸ್ತಿಯನ್ನೂ ಹೊಣೆಗೊಡ್ಡಿ ಹಣ ತಂದರು. ಸಂಘ ದನಗಳನ್ನು ಕೊಂಡು ರೈತರಿಗೆ ಕೊಟ್ಟಿತು. ಐದು ವರ್ಷದ ಕಂತುಗಳಲ್ಲಿ ಹಣ ಹಿಂದಕ್ಕೆ ಬಂದಿತು. ಐದು ವರ್ಷವೆಂಬ ಗಡುವು ರೈತನ ಆದಾಯವನ್ನು ಬಲ್ಲವರು ಇಟ್ಟದ್ದು. ಭೂಮಿ ವ್ಯಾಪಾರಿಯ ಅಂಗಡಿಯಲ್ಲವಷ್ಟೆ. ಮೂರು ತಿಂಗಳಿಗೊಮ್ಮೆ ಲೆಕ್ಕ ತೀರಿಸೆಂದರೆ ಅದು ತೀರಿಸಲಾರದು.

1852ರಿಂದ ನೊಯ್ವೀಡ್ ಪಟ್ಟಣದ ಪಕ್ಕದ ಹೆಡ್ಡೆಸ್‌ಡಾರ್ಫಿನಲ್ಲಿ ಅಧಿಕಾರ. 1854ರಲ್ಲಿ ಅಲ್ಲೊಂದು ಧರ್ಮಕಾರ್ಯದ ಸಂಘ ಹುಟ್ಟಿತು. ಅನಾದರಕ್ಕೆ ಸಿಕ್ಕ ಮಕ್ಕಳ ಪೋಷಣೆ, ಸೆರೆಮನೆಯಿಂದ ಹೊರಬಂದವರಿಗೆ ಉದ್ಯೋಗ, ಗ್ರಂಥಾಲಯ, ಸಾಲ — ಎಲ್ಲವನ್ನೂ ಅದು ಕೈಗೆತ್ತಿಕೊಂಡಿತು. ಆದರೆ ಕೆಲವೇ ವರ್ಷಗಳಲ್ಲಿ ಉಳ್ಳವರ ಉತ್ಸಾಹ ಇಳಿಯಿತು. ಪರರ ಸಾಲಕ್ಕೆ ತಮ್ಮ ಮನೆಮಾರನ್ನು ಹೊಣೆಯಾಗಿಟ್ಟು ಕೂರುವುದು ಅವರಿಗೆ ಬೇಸರವಾಯಿತು. ಒಬ್ಬೊಬ್ಬರೇ ಹಿಂದೆ ಸರಿದರು. ಅವರನ್ನು ದೂರುವುದು ಸುಲಭ, ನ್ಯಾಯವಲ್ಲ. ಲಾಭವಿಲ್ಲದ ಹೊಣೆಯನ್ನು ಅಷ್ಟು ವರ್ಷ ಹೊತ್ತದ್ದೇ ದೊಡ್ಡದು.

ರೈಫೈಸನ್ನರ ಜೀವನದ ನಿಜವಾದ ತಿರುವು ಇಲ್ಲಿದೆ. ಸ್ವಭಾವತಃ ಅವರು ದಾನಧರ್ಮದಲ್ಲಿ ನಂಬಿಕೆಯುಳ್ಳ, ಆಳವಾದ ದೈವಭಕ್ತಿಯ ಮನುಷ್ಯ. ಉಳ್ಳವರು ಇಲ್ಲದವರನ್ನು ಎತ್ತಬೇಕೆಂಬುದನ್ನು ಹದಿನೈದು ವರ್ಷ ಆಚರಿಸಿ ತೋರಿಸಿದವರು. ಆ ನಂಬಿಕೆ ತಮ್ಮ ಕಣ್ಣೆದುರಿಗೇ ಸೋಲುತ್ತಿರುವುದನ್ನು ಕಂಡಾಗ, ಒಲ್ಲದ ಮನಸ್ಸಿನಿಂದಲೇ ಅದನ್ನು ಒಪ್ಪಿಕೊಂಡರು. ಆಗ ಪಟ್ಟಣದ ಕುಶಲಕರ್ಮಿಗಳಿಗಾಗಿ ಪತ್ತಿನ ಸಂಘಗಳನ್ನು ನಡೆಸುತ್ತಿದ್ದ ಶುಲ್ಟ್ಸೆ-ಡೆಲಿಟ್ಶ್ ಅವರೊಡನೆ ಪತ್ರವ್ಯವಹಾರವಾಯಿತು. ಸ್ವಸಹಾಯದ ಮಾತು ಅಲ್ಲಿಂದಲೂ ಬಂದಿತು. 1864ರಲ್ಲಿ ಹೆಡ್ಡೆಸ್‌ಡಾರ್ಫಿನ ಹಳೆಯ ಸಂಘ ಸಾಲನಿಧಿಯ ಸಂಘವಾಗಿ ಮಾರ್ಪಟ್ಟಿತು. ಸಾಲ ಪಡೆಯುವವನು ಇನ್ನು ಕೈಯೊಡ್ಡಿ ನಿಂತವನಲ್ಲ, ತಾನೇ ಸದಸ್ಯ.

ಅದರ ರಚನೆಯನ್ನು ಕೊಂಚ ನಿಂತು ನೋಡಬೇಕು. ಸಂಘದ ಎಲ್ಲೆ ಒಂದು ಚರ್ಚಿನ ಅಥವಾ ಒಂದು ಹಳ್ಳಿಯ ಎಲ್ಲೆ. ಯಾರು ದುಡಿಯುವವನು, ಯಾರು ಕುಡಿಯುವವನು, ಯಾರ ಹಸು ಗಬ್ಬವಾಗಿದೆ ಎಂಬುದು ಅಷ್ಟರೊಳಗೆ ಎಲ್ಲರಿಗೂ ಗೊತ್ತು. ದೂರದ ಬ್ಯಾಂಕು ಯಾವ ಖರ್ಚಿನಿಂದಲೂ ಕೊಳ್ಳಲಾಗದ ತಿಳಿವಳಿಕೆ ಇದು. ಎಲ್ಲ ಸದಸ್ಯರ ಹೊಣೆಯೂ ಅಪರಿಮಿತ. ಒಬ್ಬ ತಪ್ಪಿದರೆ ಉಳಿದವರು ತೆರಬೇಕಾದ್ದರಿಂದ, ಬಿತ್ತನೆಗೆಂದು ಪಡೆದ ಹಣ ಹೆಂಡದಂಗಡಿಗೆ ಹೋಗದಂತೆ ನೆರೆಯವರೇ ಕಾವಲು. ಪ್ರತಿಯೊಬ್ಬನೂ ಬಡವನಾದರೂ ನೂರು ಮಂದಿ ಕೂಡಿ ಕೊಟ್ಟ ಮಾತನ್ನು ನಂಬಿ ಹೊರಗಿನವರು ಹಣ ಕೊಟ್ಟರು. ಷೇರುಹಣ ಕಟ್ಟಲಾರದವರಿಗೆ ಷೇರಿನ ನಿರ್ಬಂಧ ಬೇಡವೆಂದು ಅವರ ನಿಲುವು. ಮುಂದೆ ಕಾನೂನಿಗೆ ಮಣಿದು ನಾಮಮಾತ್ರದ ಷೇರನ್ನಿಟ್ಟರು. ಲಾಭವನ್ನು ಹಂಚದೆ ಯಾರೂ ಪಾಲು ಕೇಳಲಾಗದ ಮೀಸಲು ನಿಧಿಗೆ ಸೇರಿಸಿದರು. ಆಡಳಿತ ಮಂಡಳಿಗೆ ಸಂಬಳವಿಲ್ಲ, ಲೆಕ್ಕ ಬರೆಯುವ ಖಜಾಂಚಿಗೆ ಮಾತ್ರ ಉಂಟು.

ಇಷ್ಟರಲ್ಲಿ ಮನೆಯಲ್ಲಿ ಕತ್ತಲೆ ಕವಿದಿತ್ತು. 1863ರಲ್ಲಿ ಎಮಿಲೀ ತೀರಿಕೊಂಡರು. ಅದರ ಜೊತೆಗೆ ವಿಷಮಜ್ವರ ಬಡಿದು ರೈಫೈಸನ್ನರ ದೃಷ್ಟಿ ಇನ್ನಷ್ಟು ಕುಂದಿತು. 1865ರಲ್ಲಿ, ನಲವತ್ತೇಳನೆಯ ವಯಸ್ಸಿಗೇ ನಿವೃತ್ತಿ. ಅಲ್ಪವಾದ ವಿಶ್ರಾಂತಿವೇತನ ಸಾಲದೆ ಚುಟ್ಟಾ ತಯಾರಿಕೆಗೆ ಕೈಹಾಕಿ ನಷ್ಟ ಹೊಂದಿದರು, ಬಳಿಕ ದ್ರಾಕ್ಷಾರಸದ ವ್ಯಾಪಾರದಿಂದ ಜೀವನ ಸಾಗಿಸಿದರು. ಸಾವಿರಾರು ಮಂದಿಗೆ ಸಾಲದ ದಾರಿ ತೋರಿದವರು ಸಂಘಗಳಿಂದ ತಮಗಾಗಿ ಐಶ್ವರ್ಯ ಗಳಿಸಲಿಲ್ಲ. 1866ರಲ್ಲಿ ಸಾಲನಿಧಿ ಸಂಘಗಳನ್ನು ಕುರಿತ ಅವರ ಗ್ರಂಥ ಪ್ರಕಟವಾಗಿ, ಅದನ್ನು ಓದಿದ ಊರೂರುಗಳಲ್ಲಿ ಸಂಘಗಳೆದ್ದವು. ಈ ಕಾರ್ಯಕ್ಕೆಲ್ಲ ಕಣ್ಣೂ ಕೈಯೂ ಆದವಳು ಹಿರಿಯ ಮಗಳು ಅಮಾಲಿ. ಪತ್ರಗಳನ್ನು ಓದಿ ಹೇಳಿದವಳು, ಹೇಳಿದ್ದನ್ನು ಬರೆದವಳು, ಪ್ರಯಾಣದಲ್ಲಿ ಜೊತೆಗಿದ್ದವಳು ಆಕೆಯೇ. ಆಕೆ ವಿವಾಹವಾಗಲು ತಂದೆ ಒಪ್ಪಲಿಲ್ಲ. ಪರರ ಮೇಲಣ ಹೊಣೆಯನ್ನು ಅಷ್ಟು ಸೂಕ್ಷ್ಮವಾಗಿ ತೂಗಿದವರು ಮಗಳ ಋಣವನ್ನು ಲೆಕ್ಕಕ್ಕೆ ಹಿಡಿಯದೆ ಹೋದದ್ದು ಅವರ ಚರಿತ್ರೆಯಲ್ಲಿ ಉಳಿದ ಕಲೆ. ಯೆಹೂದಿ ವ್ಯಾಪಾರಿಗಳ ವಿಷಯದಲ್ಲಿ ಆ ಕಾಲದ ಪೂರ್ವಗ್ರಹವನ್ನು ಅವರು ಮೀರಲಿಲ್ಲವೆಂಬುದನ್ನೂ ಮರೆಮಾಚಲಾಗದು.

ಒಂದು ಹಳ್ಳಿಯಲ್ಲಿ ಬೆಳೆ ಹೋದರೆ ಅಲ್ಲಿನ ಎಲ್ಲ ಸದಸ್ಯರೂ ಒಟ್ಟಿಗೇ ಕೈಬರಿದಾಗುತ್ತಾರೆ, ಪುಟ್ಟ ಸಂಘದ ದೌರ್ಬಲ್ಯ ಇದು. ಅದನ್ನರಿತು ರೈಫೈಸನ್ನರು 1872ರಲ್ಲಿ ನೊಯ್ವೀಡಿನಲ್ಲಿ ಸಂಘಗಳ ಮೇಲೊಂದು ಬ್ಯಾಂಕನ್ನು ಕಟ್ಟಿದರು. ಹಣ ಮಿಕ್ಕ ಹಳ್ಳಿಯದು ಮುಗ್ಗಟ್ಟಿನ ಹಳ್ಳಿಗೆ ಹರಿಯಲೆಂದು. ಶುಲ್ಟ್ಸೆಯವರು ಇದನ್ನು ಬಲವಾಗಿ ವಿರೋಧಿಸಿದರು. ಹೊಣೆಯ ಮೇಲೆ ಹೊಣೆಯನ್ನು ಪೇರಿಸುವುದು ಅಪಾಯವೆಂದೂ, ದೀರ್ಘಾವಧಿಯ ಸಾಲ ಸಂಘವನ್ನು ಮುಳುಗಿಸುವುದೆಂದೂ ಅವರ ವಾದ. ವಾದದಲ್ಲಿ ಹುರುಳಿಲ್ಲದೆ ಇರಲಿಲ್ಲ. ವಿಷಯ ಜರ್ಮನಿಯ ಸಂಸತ್ತಿನವರೆಗೂ ಹೋಯಿತು. 1876ರಲ್ಲಿ ಕೇಂದ್ರನಿಧಿಯನ್ನು ಬೇರೊಂದು ಸ್ವರೂಪದಲ್ಲಿ ಸ್ಥಾಪಿಸಬೇಕಾಯಿತು. ಐದು ವರ್ಷದ ಗಡುವನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ.

1888ರ ಮಾರ್ಚಿ 11ರಂದು, ಎಪ್ಪತ್ತು ತುಂಬಲು ಮೂರು ವಾರಗಳೂ ಉಳಿದಿರದಾಗ, ಹೆಡ್ಡೆಸ್‌ಡಾರ್ಫಿನಲ್ಲಿ ರೈಫೈಸನ್ನರು ಕಾಲವಾದರು. ಎರಡು ದಿನ ಮೊದಲು ಚಕ್ರವರ್ತಿ ಒಂದನೆಯ ವಿಲ್‌ಹೆಲ್ಮ್ ತೀರಿಕೊಂಡಿದ್ದುದರಿಂದ ದೇಶವೆಲ್ಲ ಆ ಶೋಕದಲ್ಲಿತ್ತು. ಆಗ ಜರ್ಮನಿಯಲ್ಲಿ ಅವರ ಮಾದರಿಯ ಸಂಘಗಳು ನಾನೂರನ್ನು ಮೀರಿದ್ದವು. ಅಮಾಲಿ 1897ರಲ್ಲಿ ಅವಿವಾಹಿತೆಯಾಗಿಯೇ ತೀರಿಕೊಂಡಳು.

ಮದರಾಸು ಸರಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನ್ನರು ಯೂರೋಪಿನ ಗ್ರಾಮಬ್ಯಾಂಕುಗಳನ್ನು ಅಭ್ಯಸಿಸಿ 1895ರಲ್ಲಿಯೂ 1897ರಲ್ಲಿಯೂ ವರದಿ ಒಪ್ಪಿಸಿದರು. ಭಾರತದ ರೈತನಿಗೆ ಬೇಕಾದುದು ರೈಫೈಸನ್ನರಂಥವರ ಶೋಧವೇ ಎಂಬುದು ಅವರ ನಿರ್ಣಯವಾಗಿತ್ತು. 1904ರ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಗ್ರಾಮೀಣ ಸಂಘಗಳಿಗೆ ಅಪರಿಮಿತ ಹೊಣೆಯನ್ನೇ ವಿಧಿಸಿತು. ಲಾಭ ಮೀಸಲು ನಿಧಿಗೆ ಹೋಗಬೇಕೆಂದಿತು. ಆ ಕಾಯಿದೆಯ ಮೇರೆಗೆ 1905ರಲ್ಲಿ, ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ತಮ್ಮ ಊರವರನ್ನು ಕೂಡಿಸಿ ಕೃಷಿ ಪತ್ತಿನ ಸಹಕಾರಿ ಸಂಘವೊಂದನ್ನು ಪ್ರಾರಂಭಿಸಿದರು.